ಕಾರಿನ ಸ್ಟೀರಿಯೊ ಇದ್ದಕ್ಕಿದ್ದಂತೆ ನಿಂತಾಗ ದೋಷ ಹುಡುಕುವ ಬಗೆ

ಚೆನ್ನಾಗಿಯೇ ಹಾಡುತ್ತಿದ್ದ ಕಾರಿನ ಸ್ಟೀರಿಯೊ ಹಠಾತ್ತನೆ ನಿಂತುಹೋದರೆ ನಮ್ಮಲ್ಲಿ ಬಹಳ ಮಂದಿ ನೇರವಾಗಿ ಆಕ್ಸೆಸರಿ ಅಂಗಡಿಗೆ ಹೋಗುತ್ತಾರೆ. "ಸೆಟ್ ಹೋಗಿದೆ ಸಾರ್, ಹೊಸದು ಹಾಕಿಸಿಬಿಡಿ" ಎಂಬ ಮಾತು ಅಲ್ಲಿ ಸಿದ್ಧವಾಗಿಯೇ ಇರುತ್ತದೆ. ಸೆಟ್ಟೇ ಕೆಟ್ಟಿರುವ ಸಂದರ್ಭಗಳು ಇಲ್ಲವೆಂದಲ್ಲ. ಆದರೆ ಬ್ಯಾಟರಿಯಿಂದ ಹೊರಟ ವಿದ್ಯುತ್ತು ಸ್ಟೀರಿಯೊ ತಲಪುವ ಮೊದಲು ಎರಡು ಮೂರು ಫ್ಯೂಸುಗಳನ್ನು, ಇಗ್ನಿಷನ್ ಸ್ವಿಚ್ಚನ್ನು, ಹಲವು ಕಪ್ಲರುಗಳನ್ನು (ತಂತಿಗಳನ್ನು ಜೋಡಿಸುವ ಪ್ಲಗ್ಗುಗಳನ್ನು) ಹಾದು ಬರಬೇಕು, ಮತ್ತೆ ಬಾಡಿ ಅರ್ತ್‌ನ, ಅಂದರೆ ತಂತಿಯನ್ನು ಕಾರಿನ ಲೋಹದ ಮೈಗೆ ಸೇರಿಸುವ, ಒಂದು ಸ್ಕ್ರೂ ಮೂಲಕ ಹಿಂದಿರುಗಬೇಕು. ಈ ದಾರಿಯಲ್ಲಿ ಯಾವುದೊಂದು ಕೈಕೊಟ್ಟರೂ ಸೀಟಿನಲ್ಲಿ ಕುಳಿತವರಿಗೆ ಕಾಣುವುದು ಕಪ್ಪಾದ ಪರದೆ ಮಾತ್ರ. ಆದ್ದರಿಂದ ಸೆಟ್ಟಿನ ಮೇಲೆ ಅನುಮಾನ ಪಡುವ ಮೊದಲು ಅದಕ್ಕೆ ಸಿಗಬೇಕಾದುದು ಸಿಗುತ್ತಿದೆಯೇ ಎಂದು ಹೊರಗಿನಿಂದ ಒಳಕ್ಕೆ ಹಂತಹಂತವಾಗಿ ಪರೀಕ್ಷಿಸುವುದೇ ಸರಿಯಾದ ಕ್ರಮ. ಇದಕ್ಕೆ ಬೇಕಾಗುವುದು ಸಾಧಾರಣ ಬೆಲೆಯ ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು 12 ವೋಲ್ಟ್ ಟೆಸ್ಟ್ ಲ್ಯಾಂಪ್, ಸ್ಕ್ರೂಡ್ರೈವರ್ ಮತ್ತು ಸ್ವಲ್ಪ ತಾಳ್ಮೆ. ಮನೆಯ 230 ವೋಲ್ಟ್ ನೋಡಲು ಬಳಸುವ, ಹಿಡಿಯೊಳಗೆ ಕೆಂಪು ದೀಪವಿರುವ ನಿಯಾನ್ ಟೆಸ್ಟರನ್ನು ಕಾರಿಗೆ ತರಬೇಡಿ. ಅದು 12 ವೋಲ್ಟಿಗೆ ಹೊತ್ತುವುದೇ ಇಲ್ಲ, ಕರೆಂಟ್ ಇರುವ ತಂತಿಯನ್ನೂ ಸತ್ತ ತಂತಿಯೆಂದು ತೋರಿಸಿ ದಾರಿ ತಪ್ಪಿಸುತ್ತದೆ.

ಮೊದಲು ಲಕ್ಷಣ ಗುರುತಿಸಿಕೊಳ್ಳಿ

"ಸ್ಟೀರಿಯೊ ಆನ್ ಆಗುತ್ತಿಲ್ಲ" ಎನ್ನುವವರ ಕಾರಿನಲ್ಲಿ ಕುಳಿತು ನೋಡಿದರೆ ಒಬ್ಬೊಬ್ಬರ ತೊಂದರೆಯೂ ಬೇರೆಯಾಗಿರುತ್ತದೆ. ಪರದೆ, ಗುಂಡಿಯ ಬೆಳಕು, ಗಡಿಯಾರ ಯಾವುದೂ ಇಲ್ಲದೆ ಸೆಟ್ ಪೂರ್ತಿ ಸತ್ತಂತಿದ್ದರೆ ವಿದ್ಯುತ್ ಪೂರೈಕೆಯ ಕಡೆ ನೋಡಬೇಕು. ಪರದೆ ಹೊತ್ತಿದೆ, ಹಾಡಿನ ಹೆಸರು ಓಡುತ್ತಿದೆ, ಆದರೆ ನಾಲ್ಕೂ ಸ್ಪೀಕರುಗಳು ಸುಮ್ಮನಿವೆ ಎಂದಾದರೆ ಪೂರೈಕೆ ಸರಿಯಿದೆ, ದೋಷ ಧ್ವನಿಯ ಕಡೆಗಿದೆ ಎಂದರ್ಥ. ಒಂದೇ ಬಾಗಿಲಿನ ಸ್ಪೀಕರ್ ನಿಂತಿದ್ದರೆ ಆ ಬಾಗಿಲಿನ ತಂತಿ ಅಥವಾ ಸ್ಪೀಕರಿನ ಹೊರತು ಬೇರೆಡೆ ಹುಡುಕುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ರಸ್ತೆಗುಂಡಿ ಅಥವಾ ರಸ್ತೆಯುಬ್ಬು ಬಂದಾಗಲೆಲ್ಲ ಆಫ್ ಆಗಿ ಮತ್ತೆ ಆನ್ ಆಗುತ್ತಿದ್ದರೆ ಎಲ್ಲೋ ಕಪ್ಲರ್ ಸಡಿಲವಾಗಿದೆ. ಪ್ರತಿ ಸಲ ಕೀ ತೆಗೆದು ಹಾಕಿದಾಗಲೂ ಗಡಿಯಾರ 12:00ಕ್ಕೆ ಮರಳಿ, ನೀವು ಉಳಿಸಿಟ್ಟ ಸ್ಟೇಷನ್‌ಗಳು ಅಳಿಸಿಹೋಗುತ್ತಿದ್ದರೆ ನೆನಪು ಕಾಯುವ ಸ್ಥಿರ ಪೂರೈಕೆ ಸರಿಯಾಗಿ ಸಿಗುತ್ತಿಲ್ಲ. ಈ ಲಕ್ಷಣಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಅತಿಯೆನಿಸಬಹುದು, ಆದರೂ ಬರೆದುಕೊಳ್ಳಿ. ಜೊತೆಗೆ ಸ್ಟೀರಿಯೊ ನಿಲ್ಲುವ ಮುಂಚೆ ಕಾರಿಗೆ ಏನೇನು ಕೆಲಸ ಆಗಿತ್ತು ಎಂಬುದನ್ನೂ ನೆನಪಿಸಿಕೊಳ್ಳಿ. ಬ್ಯಾಟರಿ ಬದಲಾವಣೆ, ಒಳಭಾಗದ ವಾಷಿಂಗ್, ಹೊಸ ಡ್ಯಾಶ್‌ಕ್ಯಾಮ್ ಜೋಡಣೆ, ಜಂಪ್‌ಸ್ಟಾರ್ಟ್, ಇವುಗಳಲ್ಲಿ ಯಾವುದಾದರೂ ಆಗಿದ್ದರೆ ತನಿಖೆ ಅಲ್ಲಿಂದಲೇ ಆರಂಭವಾಗಬೇಕು.

ಕೆಟ್ಟಿಲ್ಲದೆಯೂ ಕೆಟ್ಟಂತೆ ಕಾಣುವ ಸಂದರ್ಭಗಳೂ ಇವೆ. ಪೆನ್‌ಡ್ರೈವ್ ಹಾಕಿದ್ದರೆ ಮೊದಲು ಅದನ್ನು ಕಿತ್ತು ನೋಡಿ. ಫೈಲುಗಳು ಹಾಳಾದ ಅಥವಾ ಒಳಗೆ ಶಾರ್ಟ್ ಆದ ಪೆನ್‌ಡ್ರೈವ್ ಒಂದೇ ಇಡೀ ಸೆಟ್ಟನ್ನು ಹ್ಯಾಂಗ್ ಮಾಡಬಲ್ಲದು. ಪೆನ್‌ಡ್ರೈವ್ ಮಾತ್ರ ಓದುತ್ತಿಲ್ಲವೆಂದರೆ ಅದನ್ನು ಕಂಪ್ಯೂಟರಿನಲ್ಲಿ ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿರಬಹುದು. ಬಹಳಷ್ಟು ಕಾರ್ ಸೆಟ್ಟುಗಳಿಗೆ ಎಫ್‌ಎಟಿ32 ಮಾದರಿಯೇ ಬೇಕು. ಮ್ಯೂಟ್ ಒತ್ತಿಹೋಗಿರುವುದು, ಮಕ್ಕಳ ಕೈಯಾಟದಿಂದ ಫೇಡರ್ (ಧ್ವನಿಯನ್ನು ಮುಂದಿನ, ಹಿಂದಿನ ಸ್ಪೀಕರುಗಳಿಗೆ ಹಂಚುವ ಆಯ್ಕೆ) ಪೂರ್ತಿ ಹಿಂದಕ್ಕೆ ಸರಿದು ಹಿಂಬದಿ ಸ್ಪೀಕರ್ ಇಲ್ಲದ ಕಾರಿನಲ್ಲಿ ಧ್ವನಿಯೇ ಇಲ್ಲವಾಗುವುದು, ಬ್ಲೂಟೂತ್ ಮನೆಯ ಇನ್ನೊಬ್ಬರ ಫೋನಿಗೆ ಅಂಟಿಕೊಂಡಿರುವುದು, ಇವೆಲ್ಲ ದಿನನಿತ್ಯ ನಡೆಯುವಂಥವೇ. ಟಚ್ ಪರದೆಯ ಸೆಟ್ಟುಗಳಲ್ಲಿ ಪರದೆಯನ್ನಷ್ಟೇ ಆರಿಸುವ ಆಯ್ಕೆಯೂ ಇರುತ್ತದೆ. ಅಂಥಲ್ಲಿ ಪರದೆಯನ್ನು ಒಮ್ಮೆ ಮುಟ್ಟಿದರೆ ಸಾಕು. ಮುಟ್ಟಿದರೂ ಬೆಳಗದೆ, ಹಾಡು ಮಾತ್ರ ಕೇಳಿಸುತ್ತಿದ್ದರೆ ಫೋನಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿ. ಅಕ್ಷರಗಳು ಮಸುಕಾಗಿ ಕಂಡರೆ ಕೆಟ್ಟಿರುವುದು ಪರದೆಯ ಹಿಂಬೆಳಕು, ಸೆಟ್ಟಲ್ಲ.

ರೀಸೆಟ್ ಮತ್ತು ಕೋಡ್

ಇಂದಿನ ಸ್ಟೀರಿಯೊ ಎಂದರೆ ಒಂದು ಸಣ್ಣ ಕಂಪ್ಯೂಟರ್. ಅದು ಸಿಕ್ಕಿಕೊಂಡಾಗ ಮತ್ತೆ ಆರಂಭಿಸಿದರೆ ಸರಿಯಾಗುವುದು ಅಚ್ಚರಿಯೇನಲ್ಲ. ಹೊರಗಿನಿಂದ ಹಾಕಿಸಿದ ಸೆಟ್ಟುಗಳಲ್ಲಿ ಮುಂಭಾಗದಲ್ಲಿಯೋ, ಕಳಚಬಹುದಾದ ಮುಖಫಲಕದ ಹಿಂದೆಯೋ ರೀಸೆಟ್ ಎಂದು ಬರೆದ ಸೂಜಿರಂಧ್ರವಿರುತ್ತದೆ. ಬಾಲ್‌ಪೆನ್ನಿನ ತುದಿಯಿಂದ ಅದನ್ನು ಕೆಲವು ಸೆಕೆಂಡು ಮೃದುವಾಗಿ ಒತ್ತಿ ಹಿಡಿಯಬೇಕು. ಕಂಪನಿಯೇ ಅಳವಡಿಸಿದ ಟಚ್ ಪರದೆಗಳಲ್ಲಿ ಪವರ್ ಗುಂಡಿಯನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿದರೆ ಅನೇಕ ಮಾದರಿಗಳು ಮತ್ತೆ ಆರಂಭವಾಗುತ್ತವೆ; ನಿಮ್ಮ ಮಾದರಿಯ ವಿಧಾನ ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಮುಖಫಲಕ ಕಳಚುವ ಮಾದರಿಯಾದರೆ ಅದರ ಹಿಂಬದಿಯ ಸಣ್ಣ ಲೋಹದ ಸ್ಪರ್ಶಬಿಂದುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಕಿಸಿದ ಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಿ ನೋಡುವುದು ಒಳ್ಳೆಯದು. ಧೂಳು ಕೂತ ಈ ಬಿಂದುಗಳಿಂದಲೇ ಹಳೆಯ ಸಿಂಗಲ್ ಡಿನ್ (ಎತ್ತರ ಕಡಿಮೆಯ, ಚಪ್ಪಟೆ ಅಳತೆಯ) ಸೆಟ್ಟುಗಳು ಸತ್ತಂತೆ ನಟಿಸುವುದುಂಟು.

ಬ್ಯಾಟರಿ ಕಳಚಿ ಹಾಕಿದ ಮೇಲೆ ಪರದೆಯಲ್ಲಿ "ಕೋಡ್" ಅಥವಾ "ಸೇಫ್" ಎಂದು ಬಂದಿದ್ದರೆ ಅದು ದೋಷವಲ್ಲ, ಕಳ್ಳತನ ತಡೆಯುವ ವ್ಯವಸ್ಥೆ. ಹೋಂಡಾ, ಫೋರ್ಡ್, ರೆನೋ, ಫೋಕ್ಸ್‌ವ್ಯಾಗನ್ ಕಂಪನಿಗಳ ಕೆಲವು ಹಳೆಯ ಮಾದರಿಗಳಲ್ಲಿ ಇದನ್ನು ಕಾಣಬಹುದು. ಕೋಡ್ ಬರೆದ ಚೀಟಿ ಕಾರಿನ ಕೈಪಿಡಿಯೊಳಗೆ ಇಲ್ಲವೇ ಗ್ಲೋವ್ ಬಾಕ್ಸಿನ ಒಳಮೈಯಲ್ಲಿ ಅಂಟಿಸಿರಬಹುದು. ಸಿಗದಿದ್ದರೆ ಕಾರಿನ ದಾಖಲೆ ಹಾಗೂ ಸೆಟ್ಟಿನ ಸೀರಿಯಲ್ ಸಂಖ್ಯೆಯೊಂದಿಗೆ ಅಧಿಕೃತ ಸೇವಾ ಕೇಂದ್ರವನ್ನು ಕೇಳಬೇಕು. ಊಹೆಯ ಮೇಲೆ ಅಂಕಿಗಳನ್ನು ಒತ್ತುತ್ತಾ ಹೋಗಬೇಡಿ. ಕೆಲವು ತಪ್ಪು ಪ್ರಯತ್ನಗಳಾದ ಮೇಲೆ ಸೆಟ್ ತನ್ನನ್ನು ತಾನೇ ಬೀಗ ಹಾಕಿಕೊಂಡು ಬಹಳ ಹೊತ್ತು ಕಾಯಿಸುತ್ತದೆ.

ಬ್ಯಾಟರಿಯ ವೋಲ್ಟೇಜ್

ಎಂಜಿನ್ ಸ್ಟಾರ್ಟ್ ಆಗುತ್ತಿದೆ ಎಂದಮಾತ್ರಕ್ಕೆ ಬ್ಯಾಟರಿ ಗಟ್ಟಿಯಾಗಿದೆ ಎಂದು ತಿಳಿಯಬಾರದು. ಕಾರನ್ನು ಕೆಲವು ಗಂಟೆ ನಿಲ್ಲಿಸಿಟ್ಟ ನಂತರ ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಯಲ್ಲಿ ಇಟ್ಟು ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಅಳೆದರೆ 12.6ರ ಆಸುಪಾಸು ಬರಬೇಕು. 12.2 ಎಂದರೆ ಚಾರ್ಜು ಅರ್ಧದಷ್ಟಾಗಿದೆ; 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಎಂಜಿನ್ ಓಡುವಾಗ ಇದೇ ಅಳತೆ ಸಾಮಾನ್ಯವಾಗಿ 13.8ರಿಂದ 14.4ರವರೆಗೆ ಏರಬೇಕು, ಆದರೆ ಇತ್ತೀಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಹತೋಟಿಯಲ್ಲಿಟ್ಟು ಬೇಕೆಂದೇ ಕೆಳಗಿಳಿಸುವುದೂ ಇದೆ. 15 ದಾಟಿ ನಿಂತಿದ್ದರೆ ಆಲ್ಟರ್ನೇಟರಿನ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿರುವ ಸಾಧ್ಯತೆ ಇದೆ. ಆಗ ಸ್ಟೀರಿಯೊ ತನ್ನ ರಕ್ಷಣೆಗಾಗಿ ಆಫ್ ಆಗಬಹುದು. ಬ್ಯಾಟರಿ ಸೊರಗಿದಾಗ ಮೊದಲು ತೊಂದರೆ ಕೊಡುವುದು ಆ್ಯಂಡ್ರಾಯ್ಡ್ ಸೆಟ್ಟುಗಳು. ಸೆಲ್ಫ್ ಹೊಡೆಯುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಅವು ಅರ್ಧಕ್ಕೇ ನಿಂತು, ಲೋಗೋ ತೋರಿಸಿ ಮತ್ತೆ ಮೊದಲಿನಿಂದ ಶುರುವಾಗಿ, ಮುಂದಕ್ಕೆ ಹೋಗದೆ ಅಲ್ಲೇ ಸುತ್ತುತ್ತಿರುತ್ತವೆ. ಟರ್ಮಿನಲ್‌ಗಳ ಮೇಲೆ ಬೂದಿಯಂತಹ ಬಿಳಿಪುಡಿ ಇದ್ದರೆ ಬಿಸಿನೀರು ಮತ್ತು ಅಡುಗೆ ಸೋಡಾದಿಂದ ತೊಳೆದು, ಒರೆಸಿ, ಬಿಗಿ ಮಾಡಿ. ಹೆದ್ದಾರಿಯಲ್ಲಿ ಬ್ಯಾಟರಿ ಕೈಕೊಟ್ಟಾಗ ಲಾರಿಯಿಂದ ಜಂಪ್‌ಸ್ಟಾರ್ಟ್ ಮಾಡಿಸಿಕೊಂಡಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಲಾರಿಗಳದು ಸಾಮಾನ್ಯವಾಗಿ 24 ವೋಲ್ಟ್ ವ್ಯವಸ್ಥೆ, ಅದನ್ನು ಸಹಿಸುವಂತೆ ಕಾರಿನ ಸ್ಟೀರಿಯೊವನ್ನು ಮಾಡಿರುವುದಿಲ್ಲ.

ಫ್ಯೂಸುಗಳು, ಒಂದಲ್ಲ ಎರಡು

ಪೂರ್ತಿ ಸತ್ತ ಸೆಟ್ಟಿನಲ್ಲಿ ಮೊದಲ ಅನುಮಾನ ಫ್ಯೂಸಿನ ಮೇಲಿರಬೇಕು. ನಮ್ಮ ಬಲಗೈ ಚಾಲನೆಯ ಕಾರುಗಳಲ್ಲಿ ಒಳಗಿನ ಫ್ಯೂಸ್ ಬಾಕ್ಸ್ ಹೆಚ್ಚಾಗಿ ಚಾಲಕರ ಬಲಮೊಣಕಾಲಿನ ಹತ್ತಿರ, ಡ್ಯಾಶ್‌ಬೋರ್ಡಿನ ಕೆಳಗೆ ಇರುತ್ತದೆ. ಕೆಲವದರಲ್ಲಿ ಗ್ಲೋವ್ ಬಾಕ್ಸಿನ ಹಿಂದೆ. ಬಾನೆಟ್ಟಿನ ಕೆಳಗೆ ಬ್ಯಾಟರಿಯ ಪಕ್ಕದಲ್ಲಿ ಇನ್ನೊಂದು ಇರುತ್ತದೆ. ಮುಚ್ಚಳದ ಒಳಮೈಯ ನಕ್ಷೆಯಲ್ಲಿ ರೇಡಿಯೊ ಅಥವಾ ಆಡಿಯೊ ಎಂಬ ಹೆಸರನ್ನಷ್ಟೇ ಹುಡುಕಿ, ಆ ಫ್ಯೂಸ್ ಸರಿಯಿದೆ ಎಂದು ಕಂಡ ಕೂಡಲೇ ಮುಚ್ಚಳ ಹಾಕಿಬಿಡುವುದೇ ಸಾಮಾನ್ಯವಾಗಿ ಆಗುವ ಎಡವಟ್ಟು. ಸ್ಟೀರಿಯೊಗೆ ಎರಡು ಪೂರೈಕೆಗಳು ಬೇಕು: ನೆನಪು ಕಾಯಲು ಮತ್ತು ಸೆಟ್ಟಿನ ಆ್ಯಂಪ್ಲಿಫೈಯರನ್ನು ನಡೆಸಲು ಸದಾ ಜೀವಂತವಾಗಿರುವ ಒಂದು, ಕೀ ತಿರುಗಿಸಿದಾಗ ಮಾತ್ರ ಬರುವ ಇನ್ನೊಂದು. ಮೊದಲನೆಯದು ಎಷ್ಟೋ ಕಾರುಗಳಲ್ಲಿ ಡೋಮ್ ಅಥವಾ ರೂಮ್ ಎಂದು ಬರೆದ, ಒಳಗಿನ ಚಾವಣಿ ದೀಪದ ಫ್ಯೂಸಿನಿಂದಲೇ ಬರುತ್ತದೆ. ಎರಡನೆಯದು ಮೊಬೈಲ್ ಚಾರ್ಜ್ ಮಾಡುವ 12 ವೋಲ್ಟ್ ಸಾಕೆಟ್ಟಿನ ಜೊತೆ ಎಸಿಸಿ (ಎಂಜಿನ್ ಸ್ಟಾರ್ಟ್ ಮಾಡದೆ ಆಕ್ಸೆಸರಿಗಳಿಗೆ ಕರೆಂಟ್ ಕೊಡುವ ಕೀ ಸ್ಥಾನ) ಎಂಬ ಫ್ಯೂಸನ್ನು ಹಂಚಿಕೊಂಡಿರಬಹುದು. ಹೀಗಾಗಿ ಬಾಗಿಲು ತೆರೆದಾಗ ಚಾವಣಿ ದೀಪ ಹೊತ್ತುವುದಿಲ್ಲವೇ, ಸಾಕೆಟ್ಟಿನಲ್ಲಿ ಚಾರ್ಜರ್ ನಡೆಯುವುದಿಲ್ಲವೇ ಎಂದು ನೋಡಿದರೆ ಒಂದು ಸ್ಕ್ರೂ ಕೂಡ ಬಿಚ್ಚದೆ ದೋಷದ ಅರ್ಧ ಸುಳಿವು ಸಿಗುತ್ತದೆ. ಅಗ್ಗದ ಚಾರ್ಜರ್ ಒಂದು ಸಾಕೆಟ್ಟಿನೊಳಗೆ ಶಾರ್ಟ್ ಆಗಿ ಸ್ಟೀರಿಯೊವನ್ನೂ ಜೊತೆಗೆ ಮಲಗಿಸುವುದು ಹೊಸದೇನಲ್ಲ.

ಫ್ಯೂಸನ್ನು ಕಣ್ಣಿನಿಂದ ನೋಡಿ ತೀರ್ಮಾನಿಸುವುದು ಅಷ್ಟು ನಂಬಿಕೆಗೆ ತಕ್ಕದ್ದಲ್ಲ. ಬ್ಲೇಡ್ ಫ್ಯೂಸಿನ ಪ್ಲಾಸ್ಟಿಕ್ ತಲೆಯ ಎರಡು ಬದಿಗಳಲ್ಲಿ ಸಾಸಿವೆಕಾಳಿನಷ್ಟೇ ಅಗಲದ ಎರಡು ಲೋಹದ ಚುಕ್ಕೆಗಳು ತೆರೆದಿರುತ್ತವೆ. ಅವು ಇರುವುದೇ ಪರೀಕ್ಷೆಗಾಗಿ. ಕೀಯನ್ನು ಆನ್ ಮಾಡಿ, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಣ್ಣವಿಲ್ಲದ ಲೋಹದ ಬೋಲ್ಟಿಗೆ ಸಿಕ್ಕಿಸಿ, ಮೊನೆಯನ್ನು ಒಂದಾದ ಮೇಲೊಂದರಂತೆ ಎರಡೂ ಚುಕ್ಕೆಗಳಿಗೆ ತಾಕಿಸಿ. ಎರಡರಲ್ಲೂ ದೀಪ ಹೊತ್ತಿದರೆ ಫ್ಯೂಸ್ ಸರಿಯಿದೆ. ಒಂದರಲ್ಲಿ ಮಾತ್ರ ಹೊತ್ತಿದರೆ ಸುಟ್ಟಿದೆ. ಎರಡರಲ್ಲೂ ಹೊತ್ತದಿದ್ದರೆ ಅಲ್ಲಿಗೆ ಕರೆಂಟೇ ಬರುತ್ತಿಲ್ಲ. ಒಂದೊಂದನ್ನೂ ಕಿತ್ತು ಹಾಕುವ ಗೋಜಿಲ್ಲದೆ ಇಡೀ ಬಾಕ್ಸನ್ನು ಹೀಗೆ ಕೆಲವೇ ನಿಮಿಷಗಳಲ್ಲಿ ಮುಗಿಸಬಹುದು. ಬದಲಿಸುವಾಗ ಅದೇ ಅಳತೆಯ ಫ್ಯೂಸನ್ನೇ ಹಾಕಬೇಕು: ಕಂದು 7.5, ಕೆಂಪು 10, ನೀಲಿ 15, ಹಳದಿ 20 ಆಂಪಿಯರ್. ಹೊಸ ಫ್ಯೂಸ್ ಹಾಕಿದ ತಕ್ಷಣ ಅದೂ ಸುಟ್ಟರೆ ಎಲ್ಲೋ ಶಾರ್ಟ್ ಇದೆ. ಆಗ ಇನ್ನೂ ದೊಡ್ಡ ಫ್ಯೂಸ್ ಹಾಕುವುದು, ತಾಮ್ರದ ಎಳೆ ಸುತ್ತುವುದು, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸಿಕ್ಕಿಸುವುದು, ಇವೆಲ್ಲ ಡ್ಯಾಶ್‌ಬೋರ್ಡಿನ ಹಿಂದಿನ ವೈರಿಂಗ್‌ಗೆ ಬೆಂಕಿ ತಗುಲಿಸುವ ಕೆಲಸಗಳು. ಹೊರಗಿನಿಂದ ಹಾಕಿಸಿದ ಸೆಟ್ಟಾದರೆ ಅದರ ಬೆನ್ನಲ್ಲಿಯೋ ಹಳದಿ ತಂತಿಯ ನಡುವಿನ ಪುಟ್ಟ ಡಬ್ಬಿಯಲ್ಲಿಯೋ 10 ಅಥವಾ 15 ಆಂಪಿಯರಿನ ಇನ್ನೊಂದು ಫ್ಯೂಸ್ ಇರುತ್ತದೆ. ಅದನ್ನು ನೋಡಲು ಸೆಟ್ಟನ್ನು ಹೊರತೆಗೆಯಲೇಬೇಕು.

ಸೆಟ್ಟನ್ನು ಹೊರತೆಗೆದ ಮೇಲೆ

ಕಾರಿಗೆ ಇನ್ನೂ ವಾರಂಟಿ ಇದ್ದು, ಸ್ಟೀರಿಯೊ ಕಂಪನಿಯದೇ ಆಗಿದ್ದರೆ ಇಲ್ಲಿಗೆ ನಿಲ್ಲಿಸಿ ಸೇವಾ ಕೇಂದ್ರಕ್ಕೆ ಒಯ್ಯುವುದೇ ಲೇಸು. ಇಲ್ಲದಿದ್ದರೆ ಮೊದಲು ಬ್ಯಾಟರಿಯ ಋಣ ಟರ್ಮಿನಲ್ ಕಳಚಿ, ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಉಳಿದ ಚಾರ್ಜ್ ಇಳಿಯಲು ಕೆಲವು ನಿಮಿಷ ಬಿಟ್ಟು ಕೆಲಸ ಆರಂಭಿಸಿ. ಹಳದಿ ಕಪ್ಲರ್ ಅಥವಾ ಹಳದಿ ಕೊಳವೆ ಸುತ್ತಿದ ತಂತಿಗಳು ಕಂಡರೆ ಅವು ಏರ್‌ಬ್ಯಾಗಿನವು. ಅವುಗಳಿಗೆ ಟೆಸ್ಟ್ ಲ್ಯಾಂಪನ್ನಾಗಲಿ ಮೀಟರನ್ನಾಗಲಿ ತಾಕಿಸಲೇಬಾರದು. ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು ಕ್ಲಿಪ್ಪುಗಳ ಮೇಲೆ ನಿಂತಿರುತ್ತದೆ, ಅದನ್ನು ಕಬ್ಬಿಣದ ಸ್ಕ್ರೂಡ್ರೈವರಿನಿಂದ ಮೀಟಿದರೆ ಗೀರು ಶಾಶ್ವತ. ಪ್ಲಾಸ್ಟಿಕ್ ಮೀಟುಗೋಲು ಅಥವಾ ಬಟ್ಟೆ ಸುತ್ತಿದ ಹಳೆಯ ಚಮಚೆ ಸಾಕು. ಸೆಟ್ ಹೊರಬಂದ ಕೂಡಲೇ ಏನನ್ನೂ ಕಳಚದೆ ಫೋನಿನಲ್ಲಿ ಹಿಂಬದಿಯ ಚಿತ್ರ ತೆಗೆದಿಟ್ಟುಕೊಳ್ಳಿ. ಪರೀಕ್ಷೆಗಾಗಿ ಆಮೇಲೆ ಬ್ಯಾಟರಿಯನ್ನು ಮತ್ತೆ ಜೋಡಿಸಬೇಕಾಗುತ್ತದೆ.

ನೋಡಬೇಕಾದ ತಂತಿಗಳು ಮೂರೇ. ಹೊರಗಿನ ಸೆಟ್ಟುಗಳಲ್ಲಿ ಹಳದಿ ಎಂದರೆ ಸ್ಥಿರ 12 ವೋಲ್ಟ್, ಕೆಂಪು ಎಂದರೆ ಕೀ ತಿರುಗಿಸಿದಾಗ ಬರುವ 12 ವೋಲ್ಟ್, ಕಪ್ಪು ಎಂದರೆ ಅರ್ತ್. ಈ ಬಣ್ಣಗಳು ಸೆಟ್ಟಿನ ಕಡೆಯ ತಂತಿಗಳಿಗೆ ಮಾತ್ರ ಅನ್ವಯಿಸುತ್ತವೆ. ಕಾರಿನ ಕಡೆಯ ಬಣ್ಣಗಳು ಒಂದೊಂದು ಕಂಪನಿಗೆ ಒಂದೊಂದು ತೆರ, ಅವನ್ನು ನಂಬಬೇಡಿ. ಐಎಸ್‌ಒ ಕಪ್ಲರ್ (ಅಂತರರಾಷ್ಟ್ರೀಯ ಮಾನಕದ ಪ್ಲಗ್) ಇರುವ ಕಾರುಗಳಲ್ಲಿ ಪವರ್ ಭಾಗದ 4 ಮತ್ತು 7ನೇ ಪಿನ್ನುಗಳು ಪೂರೈಕೆಗೆ, 8ನೆಯದು ಅರ್ತ್‌ಗೆ. 4 ಮತ್ತು 7ರಲ್ಲಿ ಯಾವುದು ಸ್ಥಿರ, ಯಾವುದು ಕೀಯದು ಎಂಬುದು ಕಂಪನಿಯಿಂದ ಕಂಪನಿಗೆ ಅದಲುಬದಲಾಗುತ್ತದೆ, ಮತ್ತು ಅದಲುಬದಲಾಗಿ ಜೋಡಿಸಿದ ಸೆಟ್ಟೇ ಪ್ರತಿ ಸಲ ಗಡಿಯಾರ ಮರೆಯುವ ಸೆಟ್ಟು. ಕೀ ಆಫ್ ಇದ್ದಾಗ ಹಳದಿಯಲ್ಲಿ 12 ಬರಬೇಕು, ಕೆಂಪಿನಲ್ಲಿ ಬರಬಾರದು; ಕೀಯನ್ನು ಎಸಿಸಿಗೆ ತಿರುಗಿಸಿದಾಗ ಎರಡರಲ್ಲೂ ಬರಬೇಕು. ಕೀಯನ್ನು ಅತ್ತಿತ್ತ ಸ್ವಲ್ಪ ಅಲುಗಿಸಿದಾಗ ಕೆಂಪಿನ ಅಳತೆ ಬಂದುಹೋಗಿ ಮಾಡಿದರೆ ಇಗ್ನಿಷನ್ ಸ್ವಿಚ್ಚಿನ ಸ್ಪರ್ಶ ಸವೆದಿದೆ.

ಇಲ್ಲೊಂದು ಬಲೆಯಿದೆ, ಅನುಭವವುಳ್ಳವರೂ ಇದರಲ್ಲಿ ಬೀಳುತ್ತಾರೆ. ಕಪ್ಲರನ್ನು ಸೆಟ್ಟಿನಿಂದ ಬಿಡಿಸಿ ಬರೀ ಮಲ್ಟಿಮೀಟರಿನಿಂದ ಅಳೆದರೆ, ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಎಳೆ ಉಳಿದಿರುವ ತಂತಿಯೂ ಪೂರ್ತಿ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ತನ್ನೊಳಗೆ ಹರಿಯಬಿಡುವ ಕರೆಂಟ್ ಅತ್ಯಲ್ಪ. ಅದೇ ತಂತಿಗೆ ಸ್ಟೀರಿಯೊ ಜೋಡಿಸಿ ನಾಲ್ಕಾರು ಆಂಪಿಯರ್ ಎಳೆಯಹೊರಟರೆ ವೋಲ್ಟೇಜ್ ಕುಸಿದು ಸೆಟ್ ಸತ್ತುಹೋಗುತ್ತದೆ. "ಕರೆಂಟ್ ಬರ್ತಾ ಇದೆ, ಆದ್ದರಿಂದ ಸೆಟ್ಟೇ ಹೋಗಿದೆ" ಎಂಬ ತಪ್ಪು ತೀರ್ಪು ಹುಟ್ಟುವುದು ಇಂಥ ಪರೀಕ್ಷೆಯಿಂದಲೇ. ಹಾಗಾಗಿ ಮೀಟರಿನ ಜೊತೆ ಬಲ್ಬ್ ಇರುವ ಟೆಸ್ಟ್ ಲ್ಯಾಂಪನ್ನೂ ಬಳಸಿ. ಎಲ್‌ಇಡಿಯದಲ್ಲ, ಕರೆಂಟ್ ಎಳೆಯುವ ಹಳೆಯ ಬಲ್ಬಿನದು. ಬಲ್ಬನ್ನು ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಹಿಡಿದಾಗ ಬ್ಯಾಟರಿಯ ಮೇಲೆ ಹಿಡಿದಷ್ಟೇ ಪ್ರಕಾಶವಾಗಿ ಉರಿಯಬೇಕು. ಮಂಕಾದರೆ ತಂತಿಯಲ್ಲಿ ದೋಷವಿದೆ. ಹಳದಿ ಮತ್ತು ಕಾರಿನ ಲೋಹದ ಮೈ ನಡುವೆ ಹಿಡಿದಾಗ ಚೆನ್ನಾಗಿ ಉರಿದು, ಹಳದಿ ಮತ್ತು ಕಪ್ಪಿನ ನಡುವೆ ಮಂಕಾದರೆ ದೋಷ ಅರ್ತ್‌ನದು ಎಂದು ಖಚಿತವಾಗುತ್ತದೆ.

ಅರ್ತ್‌ನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ನನ್ನ ಅಂದಾಜಿನಲ್ಲಿ ಕರಾವಳಿ ಮತ್ತು ಮಲೆನಾಡಿನ ಕಾರುಗಳಲ್ಲಿ ಫ್ಯೂಸ್ ಬಿಟ್ಟರೆ ಮುಂದಿನ ಅನುಮಾನ ಇದರ ಮೇಲೇ ಇರಬೇಕು. ಡ್ಯಾಶ್‌ಬೋರ್ಡಿನ ಹಿಂದೆ, ಪಕ್ಕದ ಕಂಬದ ಹತ್ತಿರ, ಹಲವು ಕಪ್ಪು ತಂತಿಗಳು ಒಂದೇ ಉಂಗುರಕ್ಕೆ ಸೇರಿ ಒಂದು ಬೋಲ್ಟಿನಲ್ಲಿ ಕಾರಿನ ಮೈಗೆ ಬಿಗಿದಿರುತ್ತವೆ. ತೇವ ಹಿಡಿದ ಕಡೆ ಈ ಉಂಗುರದ ಅಡಿಯಲ್ಲಿ ಹಸಿರು ಕಿಲುಬು ಕಟ್ಟುತ್ತದೆ; ಹೊರಗಿನಿಂದ ನೋಡಿದರೆ ಬೋಲ್ಟ್ ಬಿಗಿಯಾಗಿಯೇ ಇರುತ್ತದೆ, ಬಿಚ್ಚಿದಾಗಲೇ ಕಾಣುವುದು. ಸ್ಟೀರಿಯೊ ಜೋಡಿಸಿ ಆನ್ ಇಟ್ಟುಕೊಂಡೇ ಅದರ ಕಪ್ಪು ತಂತಿಗೂ ಬ್ಯಾಟರಿಯ ಋಣ ಟರ್ಮಿನಲ್‌ಗೂ ನಡುವೆ ಅಳೆದರೆ 0.2 ವೋಲ್ಟಿಗಿಂತ ಹೆಚ್ಚು ಬರಬಾರದು. ಹೆಚ್ಚು ಬಂದರೆ ಬೋಲ್ಟ್ ಬಿಚ್ಚಿ, ಉಂಗುರವನ್ನೂ ಅದು ಕೂರುವ ಜಾಗವನ್ನೂ ಮರಳು ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ.

ಮಳೆಗಾಲದಲ್ಲಿ ನಿಂತ ಸೆಟ್ಟಾದರೆ ತೇವ ಎಲ್ಲಿಂದ ಬಂತು ಎಂಬುದನ್ನು ಕಂಡುಹಿಡಿಯದೆ ದುರಸ್ತಿ ಮುಗಿಯುವುದಿಲ್ಲ. ಮುಂಗಾಜಿನ ಬುಡದ ಜಾಲರಿಯೊಳಗೆ ಎಲೆ ಕಸ ತುಂಬಿ ನೀರಿಳಿಯುವ ರಂಧ್ರ ಕಟ್ಟಿಕೊಂಡರೆ ನೀರು ಒಳಗಿನ ಫ್ಯೂಸ್ ಬಾಕ್ಸಿನ ಮೇಲೆ ತೊಟ್ಟಿಕ್ಕುತ್ತದೆ. ಚಾಲಕರ ಕಾಲ ಕೆಳಗಿನ ಮ್ಯಾಟ್ ಎತ್ತಿ ಕೈಯಿಟ್ಟು ನೋಡಿದರೆ ತಿಳಿಯುತ್ತದೆ. ಇನ್ನೊಂದು ಶತ್ರು ಇಲಿ. ವಾರಗಟ್ಟಲೆ ನಿಲ್ಲಿಸಿಟ್ಟ ಕಾರಿನಲ್ಲಿ ಹಿಕ್ಕೆ, ಚೂರಾದ ಸ್ಪಂಜು, ತಂತಿಯ ಮೇಲೆ ಹಲ್ಲಿನ ಗುರುತು ಕಂಡರೆ ಸ್ಟೀರಿಯೊ ತಂತಿಗಳನ್ನು ಮಾತ್ರವಲ್ಲ, ಇಡೀ ವೈರಿಂಗನ್ನು ಪರೀಕ್ಷಿಸಿದ ಹೊರತು ಕಾರನ್ನು ದೂರ ಒಯ್ಯಬೇಡಿ.

ಪರದೆ ಇದೆ, ಧ್ವನಿ ಇಲ್ಲ

ಪರದೆಯ ಮೇಲೆ "ಪ್ರೊಟೆಕ್ಟ್", "ಆ್ಯಂಪ್ ಎರರ್" ಅಥವಾ "ಚೆಕ್ ವೈರಿಂಗ್" ಎಂಬ ಅರ್ಥದ ಸಂದೇಶ ಬಂದು ಧ್ವನಿ ನಿಂತಿದ್ದರೆ ಕಾರಣ ಹೆಚ್ಚಾಗಿ ಸ್ಪೀಕರ್ ತಂತಿಗಳಲ್ಲಿದೆ. ಕಾರಿನ ಸೆಟ್ಟುಗಳಲ್ಲಿ ಸ್ಪೀಕರಿನ ಎರಡೂ ತಂತಿಗಳಲ್ಲಿ ಪೂರೈಕೆಯ ಅರ್ಧದಷ್ಟು, ಅಂದರೆ ಸುಮಾರು 6 ವೋಲ್ಟ್ ಸದಾ ನಿಂತಿರುತ್ತದೆ. ಋಣ ತಂತಿ ಎಂದು ಕರೆಯುವುದು ಕೂಡ ಅರ್ತ್ ಅಲ್ಲ. ಆದ್ದರಿಂದ ಅವುಗಳಲ್ಲಿ ಯಾವುದೊಂದು ಬಾಗಿಲಿನ ತಗಡಿಗೆ ತಾಗಿದರೂ ಆ್ಯಂಪ್ಲಿಫೈಯರ್ ತನ್ನನ್ನು ಉಳಿಸಿಕೊಳ್ಳಲು ಮೌನವಾಗುತ್ತದೆ. ಪರೀಕ್ಷೆ ಸರಳ. ಸೆಟ್ಟನ್ನು ಆಫ್ ಮಾಡಿ ಸ್ಪೀಕರ್ ಕಪ್ಲರನ್ನಷ್ಟೇ ಬಿಡಿಸಿ, ಪವರ್ ಕಪ್ಲರನ್ನು ಹಾಗೆಯೇ ಇಟ್ಟು ರೀಸೆಟ್ ಒತ್ತಿ ಆನ್ ಮಾಡಿ. ಸಂದೇಶ ಮಾಯವಾದರೆ ದೋಷ ಹೊರಗಿನ ತಂತಿಯಲ್ಲಿದೆ. ಸ್ಪೀಕರೇ ಇಲ್ಲದಿದ್ದರೂ ಸಂದೇಶ ಉಳಿದರೆ ಸೆಟ್ಟಿನೊಳಗಿನ ಆ್ಯಂಪ್ಲಿಫೈಯರ್ ಐಸಿ (ಚಿಪ್) ಸುಟ್ಟಿದೆ.

ಹೊರಗಿನ ದೋಷವಾದರೆ ಬಿಡಿಸಿದ ಕಪ್ಲರಿನ ಒಂದೊಂದು ಜೋಡಿಯನ್ನೂ ಮಲ್ಟಿಮೀಟರಿನ ಓಮ್ ಭಾಗದಲ್ಲಿ ಅಳೆಯಬೇಕು. ಬಿಳಿ ಜೋಡಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ; ಕಪ್ಪು ಗೆರೆ ಇರುವುದು ಋಣ. 4 ಓಮಿನ ಸ್ಪೀಕರ್ ಮೀಟರಿನಲ್ಲಿ ಮೂರೂವರೆಯ ಆಸುಪಾಸು ತೋರಿಸುತ್ತದೆ. ಅಂಕಿಯೇ ಬರದಿದ್ದರೆ ತಂತಿ ತುಂಡಾಗಿದೆ ಅಥವಾ ಕಾಯಿಲ್ ಸುಟ್ಟಿದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್. ಆನಂತರ ಪ್ರತಿ ತಂತಿಗೂ ಕಾರಿನ ಲೋಹದ ಮೈಗೂ ನಡುವೆ ಅಳೆಯಿರಿ. ಇಲ್ಲಿ ಯಾವ ಅಂಕಿಯೂ ಬರಕೂಡದು. ಮೀಟರ್ ಇಲ್ಲದವರು ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲಿನ ಎರಡು ತುದಿಗಳನ್ನು ಒಂದು ಜೋಡಿಗೆ ಕ್ಷಣಮಾತ್ರ ತಾಕಿಸಿದರೆ ಆ ಸ್ಪೀಕರ್ "ಟಪ್" ಎನ್ನಬೇಕು. ಇದನ್ನು ಮಾಡುವಾಗ ತಂತಿಗಳು ಸೆಟ್ಟಿನಿಂದ ಬೇರ್ಪಟ್ಟಿರಬೇಕು ಎಂಬುದನ್ನು ಮರೆಯಬಾರದು.

ಒಂದೇ ಬಾಗಿಲಿನ ಸ್ಪೀಕರ್ ಬಂದುಹೋಗಿ ಮಾಡುತ್ತಿದ್ದರೆ ಹಾಡು ಹಾಕಿ, ಆ ಬಾಗಿಲನ್ನು ನಿಧಾನವಾಗಿ ತೆರೆದು ಮುಚ್ಚಿ. ಬಾಗಿಲಿಗೂ ಕಂಬಕ್ಕೂ ನಡುವೆ ಹಿಂಜಿನ ಬಳಿ ಸುಕ್ಕುಸುಕ್ಕಾದ ರಬ್ಬರ್ ಕೊಳವೆಯೊಂದಿದೆ. ಸ್ಪೀಕರ್, ಪವರ್ ವಿಂಡೋ, ಸೆಂಟ್ರಲ್ ಲಾಕ್ ಇವುಗಳ ತಂತಿಗಳೆಲ್ಲ ಅದರೊಳಗೆ ಹೋಗುತ್ತವೆ. ವರ್ಷಗಟ್ಟಲೆ ಮಡಿಸಿ ಬಿಡಿಸಿದ ತಂತಿ ಹೊರಗಿನ ಹೊದಿಕೆ ಚೆನ್ನಾಗಿದ್ದರೂ ಒಳಗೆ ತುಂಡಾಗಿರುತ್ತದೆ. ರಬ್ಬರನ್ನು ಜಾರಿಸಿ ತಂತಿಗಳನ್ನು ಒಂದೊಂದಾಗಿ ಮೆಲ್ಲಗೆ ಎಳೆದರೆ ತುಂಡಾದದ್ದು ರಬ್ಬರಿನಂತೆ ಹಿಗ್ಗುತ್ತದೆ.

ರೇಡಿಯೊ ಮಾತ್ರ ಬಾರದಿದ್ದರೆ

ಬ್ಲೂಟೂತ್ ಸರಿಯಿದ್ದು ರೇಡಿಯೊ ಮಾತ್ರ ಗೊರಗೊರ ಎನ್ನುತ್ತಿದ್ದರೆ ಮೊದಲು ಚಾವಣಿಯ ಮೇಲಿನ ಆಂಟೆನಾ ಕಡ್ಡಿ ಇದೆಯೇ ನೋಡಿ. ವಾಷಿಂಗ್‌ಗೆ ತಿರುಚಿ ತೆಗೆದವರು ಮತ್ತೆ ಹಾಕುವುದನ್ನು ಮರೆತಿರಬಹುದು. ಗಿಡ್ಡ ಆಂಟೆನಾಗಳ ಬುಡದಲ್ಲಿ ಪುಟ್ಟ ಆ್ಯಂಪ್ಲಿಫೈಯರ್ ಇರುತ್ತದೆ, ಅದಕ್ಕೆ ಸೆಟ್ಟಿನ ನೀಲಿ ತಂತಿಯಿಂದ 12 ವೋಲ್ಟ್ ಹೋಗಬೇಕು; ಹೊಸ ಸೆಟ್ ಹಾಕಿಸಿದಾಗ ಆ ತಂತಿಯನ್ನು ಜೋಡಿಸದೆ ಬಿಡುವುದು ಸರ್ವೇಸಾಮಾನ್ಯ. ರೀಸೆಟ್ ಮಾಡಿದ ನಂತರ ಕೆಲವೇ ಸ್ಟೇಷನ್‌ಗಳು ಸಿಗುತ್ತಿವೆ ಎಂದಾದರೆ ಪ್ರದೇಶದ ಆಯ್ಕೆ ಅಮೆರಿಕಕ್ಕೆ ಮರಳಿರಬಹುದು. ಅಲ್ಲಿಯ ಕ್ರಮದಲ್ಲಿ ಎಫ್‌ಎಂ 0.2 ಮೆಗಾಹರ್ಟ್ಸ್ ಹೆಜ್ಜೆಯಲ್ಲಿ ಬೆಸ ದಶಮಾಂಶಗಳ ಮೇಲೆ ಮಾತ್ರ ನಿಲ್ಲುತ್ತದೆ, ಮಧ್ಯಮ ತರಂಗ 10 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಸಾಗುತ್ತದೆ. ಆಗ ಬೆಂಗಳೂರಿನ ಎಫ್‌ಎಂ ರೇನ್‌ಬೋ 101.3 ಸಿಗುತ್ತದೆ, ಮೈಸೂರು ಆಕಾಶವಾಣಿಯ 100.6 ಸಿಗುವುದಿಲ್ಲ, ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನ ಮೇಲೂ ಸೆಟ್ ನಿಲ್ಲಲಾರದು. ಸೆಟ್ಟಿಂಗ್ಸ್‌ನಲ್ಲಿ ಯೂರೋಪ್ ಅಥವಾ ಏಷ್ಯಾ ಎಂದು ಬದಲಿಸಿದರೆ ಎಲ್ಲವೂ ಸ್ವಸ್ಥಾನಕ್ಕೆ ಬರುತ್ತವೆ.

ಸೆಟ್ಟೇ ಕೆಟ್ಟಿದ್ದರೆ

ಮೂರೂ ತಂತಿಗಳು ಬಲ್ಬಿನ ಪರೀಕ್ಷೆಯಲ್ಲಿ ಗೆದ್ದು, ಬೆನ್ನಿನ ಫ್ಯೂಸ್ ಸರಿಯಿದ್ದು, ರೀಸೆಟ್‌ಗೂ ಜಗ್ಗದಿದ್ದರೆ ಸೆಟ್ಟೇ ಕೆಟ್ಟಿದೆ ಎಂದು ಧೈರ್ಯವಾಗಿ ಹೇಳಬಹುದು. ಆಗಲೂ ಎಸೆಯುವ ಮೊದಲು ಒಬ್ಬ ರೇಡಿಯೊ ರಿಪೇರಿಯವರಿಗೆ ತೋರಿಸುವುದು ನನ್ನ ಸಲಹೆ, ಅದರಲ್ಲೂ ಸ್ಟೀರಿಂಗಿನ ಗುಂಡಿಗಳಿಗೆ ಮತ್ತು ರಿವರ್ಸ್ ಕ್ಯಾಮೆರಾಗೆ ಜೋಡಣೆಯಾದ ಕಂಪನಿ ಸೆಟ್ಟಾದರೆ. ಬಹಳಷ್ಟು ಸೆಟ್ಟುಗಳಲ್ಲಿ ನಾಲ್ಕೂ ಸ್ಪೀಕರುಗಳನ್ನು ನಡೆಸುವುದು ಟಿಡಿಎ7388ರಂತಹ 25 ಕಾಲಿನ ಒಂದೇ ಐಸಿ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ವಿಚಾರಿಸಿದರೆ ಐಸಿಯೂ ಅದನ್ನು ಬದಲಿಸಬಲ್ಲವರೂ ಸಿಗುತ್ತಾರೆ. ಆದರೆ ನೀರು ಹೊಕ್ಕು ಬೋರ್ಡೆಲ್ಲ ಕಿಲುಬು ಹಿಡಿದಿದ್ದರೆ, ಅಥವಾ ಹೆಸರಿಲ್ಲದ ಅಗ್ಗದ ಆ್ಯಂಡ್ರಾಯ್ಡ್ ಸೆಟ್ಟಿನ ಮುಖ್ಯ ಬೋರ್ಡೇ ಹೋಗಿದ್ದರೆ, ದುರಸ್ತಿಗೆ ಹಣ ಸುರಿಯುವುದು ವ್ಯರ್ಥ. ಹೊಸದು ಹಾಕಿಸುವುದಾದರೆ ಕಾರಿನ ಮೂಲ ವೈರಿಂಗನ್ನು ಕತ್ತರಿಸದೆ ನಿಮ್ಮ ಮಾದರಿಯ ಕಪ್ಲರ್ ಬಳಸಿಯೇ ಜೋಡಿಸುವಂತೆ ಮೊದಲೇ ಹೇಳಿ, ಎದುರಿಗೆ ನಿಂತು ಮಾಡಿಸಿಕೊಳ್ಳಿ. ತಂತಿಗಳನ್ನು ಕೈಯಲ್ಲಿ ಹೊಸೆದು ಟೇಪ್ ಸುತ್ತಿದ ಜೋಡಣೆ, ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಹೀಟ್‌ಶ್ರಿಂಕ್ ಕೊಳವೆ ಏರಿಸಿದ ಅಥವಾ ಸರಿಯಾಗಿ ಕ್ರಿಂಪ್ ಮಾಡಿದ (ಲೋಹದ ತುಣುಕಿನೊಳಗೆ ಒತ್ತಿ ಬಿಗಿದ) ಜೋಡಣೆಯೇ ಬಾಳುವಂಥದ್ದು.

ಸೆಟ್ಟನ್ನು ಹಿಂದಕ್ಕೆ ಕೂರಿಸುವ ಮೊದಲು, ಅದು ಇನ್ನೂ ಕೈಯಲ್ಲಿರುವಾಗಲೇ, ನಾಲ್ಕೂ ಸ್ಪೀಕರ್, ರೇಡಿಯೊ, ಬ್ಲೂಟೂತ್, ಹಿಂಬದಿ ಕ್ಯಾಮೆರಾ, ಸ್ಟೀರಿಂಗ್ ಗುಂಡಿಗಳು ಎಲ್ಲವನ್ನೂ ಪರೀಕ್ಷಿಸಿ. ಹೆಡ್‌ಲೈಟ್ ಹಾಕಿ ಪರದೆ ಮಂದವಾಗುತ್ತದೆಯೇ, ಕೀ ತೆಗೆದು ಹಾಕಿದಾಗ ಗಡಿಯಾರ ಉಳಿಯುತ್ತದೆಯೇ ಎಂಬುದನ್ನೂ ನೋಡಿ. ಒಳಗೆ ತಳ್ಳುವಾಗ ಬಿಗಿ ಎನಿಸಿದರೆ ಒತ್ತಬೇಡಿ. ತಂತಿಯ ಕಟ್ಟು ಬೆನ್ನಿಗೆ ಸಿಕ್ಕಿಕೊಂಡಿರುತ್ತದೆ, ಅದನ್ನು ಕೆಳಗಿನ ಖಾಲಿ ಜಾಗಕ್ಕೆ ಸರಿಸಿ, ಲೋಹದ ಅಂಚಿಗೆ ಉಜ್ಜದಂತೆ ಟೈ ಹಾಕಿದ ನಂತರವೇ ಸ್ಕ್ರೂ ಬಿಗಿಯಬೇಕು. ಬ್ಯಾಟರಿ ಕಳಚಿದ್ದರಿಂದ ಪವರ್ ವಿಂಡೋದ ಆಟೋ ಕ್ರಮ ಮರೆತುಹೋಗಿದ್ದರೆ ಕೈಪಿಡಿಯಲ್ಲಿ ಹೇಳಿದಂತೆ ಗಾಜನ್ನು ಪೂರ್ತಿ ಏರಿಸಿ ಗುಂಡಿಯನ್ನು ಸ್ವಲ್ಪ ಹೊತ್ತು ಹಿಡಿದರೆ ಹೆಚ್ಚಿನ ಕಾರುಗಳಲ್ಲಿ ಅದು ಮರಳಿ ಹೊಂದಿಕೊಳ್ಳುತ್ತದೆ.